ಮುಖ ಹೊಡೆಯದ ಸಿಹಿ

ಲಂಡನ್ನಿಗೆ ಬಂದ ಮೇಲೆ ಅಂಟಿಕೊಂಡ ಒಂದು ವಿಚಿತ್ರ ಅಭ್ಯಾಸ ಅಂದರೆ, ಕೈಯಲ್ಲಿ ಪೆನ್ನು ಹಿಡಿದು ಬಿಯರ್ ಕುಡಿಯುವುದು. ನಾವು ನಾಲ್ಕು ಜನ ಸ್ನೇಹಿತರು ತಿಂಗಳಿಗೊಮ್ಮೆ ಸೇರುತ್ತೇವೆ. ಒಂದು ಬಾಟಲಿ ತೆಗೆದು ನಾಲ್ಕು ಲೋಟಕ್ಕೆ ಹಂಚಿ, ಮೂಗಿಗೆ ಏನು ಬಂತು, ನಾಲಿಗೆಗೆ ಏನು ಸಿಕ್ಕಿತು ಅಂತ ಬರೆದುಕೊಳ್ಳುತ್ತೇವೆ. ಆ ಗುಂಪಿನಲ್ಲಿ ಕನ್ನಡಿಗ ನಾನೊಬ್ಬನೇ. ಕಳೆದ ಸಲ ತೆಗೆದದ್ದು ಇಂಪೀರಿಯಲ್ ಸ್ಟೌಟ್, ಹುರಿದ ಧಾನ್ಯದಿಂದ ಮಾಡುವ ಕಪ್ಪನೆಯ, ಗಡುಸಾದ ಬಿಯರ್. ಶೇಕಡ 11 ಆಲ್ಕೊಹಾಲ್, 330 ಮಿಲಿ ಬಾಟಲಿ. ಒಬ್ಬೊಬ್ಬರಿಗೆ 80 ಚಿಲ್ಲರೆ ಮಿಲಿ ಬಂತು. ಕೆಮ್ಮಿನ ಔಷಧಿಯ ಲೆಕ್ಕ ಅಂತ ನಗಬೇಡಿ. ಅಷ್ಟು ಸಾಕು.

ಮೊದಲ ತಪ್ಪು ನನ್ನದೇ. ಬಾಟಲಿ ಫ್ರಿಜ್ಜಿನಿಂದ ನೇರ ಮೇಜಿಗೆ ಬಂತು. ಬಿಯರ್ ಅಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು ಅನ್ನುವುದು ನನ್ನ ತಲೆಯಲ್ಲಿ ಕೂತ ಹಳೇ ಪಾಠ. ಲಾಗರ್ ಅನ್ನುವ ತೆಳು, ಮಾಮೂಲಿ ಬಿಯರಿಗೆ ಅದು ಸರಿ. ಇದಕ್ಕಲ್ಲ. ಮೊದಲ ಗುಟುಕಿನಲ್ಲಿ ಸೀದ ಕಹಿ ಬಿಟ್ಟರೆ ಏನೂ ಸಿಗಲಿಲ್ಲ. ತಣ್ಣಗಿದ್ದಾಗ ಸಿಹಿ ಮುದುಡಿಕೊಂಡಿರುತ್ತದೆ, ಘಮ ಮೇಲೇಳುವುದಿಲ್ಲ. ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಸುಮ್ನೆ ಕಾಲು ಗಂಟೆ ಕೂತೆವು. 12–14 ಡಿಗ್ರಿಯ ಹತ್ತಿರ ಬಂದಾಗಲೇ ಇದು ಬಾಯಿ ಬಿಡುವುದು.

ಅಷ್ಟರಲ್ಲಿ ನೋಡುವ ಕೆಲಸ ಮುಗಿಯಿತು. ದೀಪಕ್ಕೆ ಹಿಡಿದರೂ ಬೆಳಕು ಆ ಕಡೆಗೆ ದಾಟಲಿಲ್ಲ. ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಕೆಂಪು. ನೊರೆಯೂ ಬೆಳ್ಳಗಿಲ್ಲ, ಕಂದು. ಒಂದೆರಡು ನಿಮಿಷದಲ್ಲಿ ಅದು ಇಳಿದು, ಗಾಜಿನ ಒಳಸುತ್ತಿಗೆ ಬಳೆಯಂತೆ ನಿಂತಿತು. ಲೋಟ ಓರೆ ಮಾಡಿದರೆ ಬಿಯರ್ ತೆಳು ಪಾಕದ ಹಾಗೆ ಗಾಜಿಗೆ ಹತ್ತಿ, ಅವಸರವಿಲ್ಲದೆ ಜಾರುತ್ತಿತ್ತು.

ಆಮೇಲೆ ಚೀಟಿ ಓದುವ ಸರದಿ. ಅವರು ಮೂವರು ಬರೆದದ್ದು: ಒಣದ್ರಾಕ್ಷಿ, ಕಾಕಂಬಿ, ಡಾರ್ಕ್ ಚಾಕೊಲೇಟ್, ತಂಬಾಕು, ಹಳೇ ಚರ್ಮ. ನಾನು ಬರೆದದ್ದು: ಮೊದಲು ಸಿಹಿ, ಬೆನ್ನಿಗೇ ಕಹಿ, ನುಂಗಿದ ಮೇಲೆ ಒಗರು, ಗಂಟಲಲ್ಲಿ ಖಾರ. “ಇಷ್ಟೇನಾ?” ಅಂದ ಒಬ್ಬ. ನನಗೂ ಒಂದು ಕ್ಷಣ ನಾಚಿಕೆಯಾಯಿತು. ಅವರ ಚೀಟಿಯಲ್ಲಿ ಒಂದು ಅಂಗಡಿಯೇ ಇತ್ತು.

ಆದರೆ ಯೋಚಿಸಿದಷ್ಟೂ ನನ್ನ ಚೀಟಿಯೂ ಸಣ್ಣದಲ್ಲ ಅನ್ನಿಸಿತು. ಅವರು ‘ಇದು ಯಾವುದರ ಹಾಗಿದೆ’ ಅಂತ ಹುಡುಕುತ್ತಾರೆ. ನನ್ನ ಬಾಯಿ ‘ಇದು ಏನು ಮಾಡುತ್ತಿದೆ’ ಅಂತ ಹೇಳುತ್ತದೆ. ಇಂಪೀರಿಯಲ್ ಸ್ಟೌಟಿನಂಥ ಸಿಹಿ ಬಿಯರನ್ನು ಅಳೆಯಲು ಎರಡನೆಯದೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಹಾಗಂತ ನಾನು ಈಗ ಹಟ ಹಿಡಿದಿದ್ದೇನೆ.

ಒಗರನ್ನೇ ತೆಗೆದುಕೊಳ್ಳಿ. ನಮಗೆ ಅದು ಆರು ರುಚಿಗಳಲ್ಲಿ ಒಂದು, ಮಕ್ಕಳಿಗೂ ಗೊತ್ತಿರುವ ಮಾತು. ಇಂಗ್ಲಿಷಿನಲ್ಲಿ ಅದಕ್ಕೊಂದು ಪದ ಇದೆ, ಆದರೆ ಪುಸ್ತಕದ ಪದ. ಮಾತಾಡುವಾಗ ಎಲ್ಲರೂ ‘ಡ್ರೈ’ ಅಂದುಬಿಡುತ್ತಾರೆ. ಫಜೀತಿ ಏನೆಂದರೆ, ಸಿಹಿ ಇಲ್ಲದ್ದಕ್ಕೂ ಅವರು ‘ಡ್ರೈ’ ಅಂತಲೇ ಅನ್ನುವುದು. ಹಾಗಾದರೆ ಸಿಹಿಯೂ ಇದ್ದು ಒಗರೂ ಇರುವ ಬಿಯರಿಗೆ ಏನನ್ನಬೇಕು? ನಮ್ಮ ಲೋಟದಲ್ಲಿದ್ದದ್ದು ಅದೇ. ಸಿಹಿ ನಾಲಿಗೆಯ ಮೇಲೆ ಹರಡಿಕೊಂಡಿತು. ಅದು ಹೋಗುವ ಹೊತ್ತಿಗೆ ಕೆನ್ನೆಯ ಒಳಗೋಡೆ ಸ್ವಲ್ಪ ಬಿಗಿಯಿತು. ಆ ಬಿಗಿತ ಇದ್ದದ್ದರಿಂದಲೇ ಇನ್ನೊಂದು ಗುಟುಕು ಬೇಕೆನ್ನಿಸಿತು.

ಖಾರದ್ದೂ ಹಾಗೆಯೇ. ನನ್ನ ಸ್ನೇಹಿತರು ಅದನ್ನು ‘ಬೆಚ್ಚಗಿದೆ’ ಅನ್ನುತ್ತಾರೆ. ನಾನು ಖಾರ ಅಂದಾಗ “ಮೆಣಸಿನಕಾಯಿ ಎಲ್ಲಿಂದ ಬಂತು?” ಅಂತ ನಕ್ಕರು. ಮೆಣಸಿನಕಾಯಿಯ ಉರಿಗೆ ಎಚ್ಚರಗೊಳ್ಳುವ ನರದ ಗ್ರಾಹಕವೇ ಆಲ್ಕೊಹಾಲಿಗೂ ಎಚ್ಚರಗೊಳ್ಳುತ್ತದೆ. ನಾನೇನೂ ಕವಿತೆ ಹೇಳುತ್ತಿರಲಿಲ್ಲ.

ಈ ಸಿಹಿ ಬರುವುದು ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ. ಕುದಿಸಿ ಇಳಿಸಿದ ಮಾಲ್ಟಿನ ರಸದ ಸಾಂದ್ರತೆ, ನೀರನ್ನು 1.000 ಅಂತ ಇಟ್ಟುಕೊಂಡರೆ, 1.075ರಿಂದ 1.115ರವರೆಗೆ ಇರುತ್ತದೆ. ಯೀಸ್ಟ್ ಅದರಲ್ಲಿನ ಸಕ್ಕರೆಯನ್ನು ತಿನ್ನುವಷ್ಟು ತಿಂದು ಕೈಬಿಟ್ಟ ಮೇಲೂ 1.018ರಿಂದ 1.030 ಉಳಿಯುತ್ತದೆ. ಉಳಿದದ್ದೇ ನಮ್ಮ ಪಾಲಿನ ಮಂದತನ ಮತ್ತು ಸಿಹಿ. ಅದನ್ನು ಹಿಡಿದು ನಿಲ್ಲಿಸಲು ಹಾಪ್ಸ್ ಅನ್ನುವ ಬಳ್ಳಿಯ ಹೂವಿನ ಕಹಿ ಸೇರಿಸುತ್ತಾರೆ, ಕಹಿಯ ಅಳತೆಯಾದ ಐಬಿಯು ಲೆಕ್ಕದಲ್ಲಿ 50ರಿಂದ 90. ಸಾಮಾನ್ಯ ಲಾಗರಿನಲ್ಲಿ ಇದು 20ರ ಆಸುಪಾಸು. ಇದರ ಮೇಲೆ ಹುರಿದ ಬಾರ್ಲಿಯ ಕಹಿ, ಒಗರು.

ಈ ಬಿಯರಿನ ಹುಟ್ಟೂರು ಇದೇ ಲಂಡನ್ನಿನ ಸದರ್ಕ್. ಥ್ರೇಲ್ ಮನೆತನದ ಬ್ರೂವರಿ, ಅಂದರೆ ಬಿಯರ್ ತಯಾರಿಸುವ ಕಾರ್ಖಾನೆ, ಅಲ್ಲಿತ್ತು. 1781ರಲ್ಲಿ ಅದು ಮಾರಾಟವಾಗಿ ಬಾರ್ಕ್ಲೇ ಪರ್ಕಿನ್ಸ್ ಆಯಿತು. 1796ರಲ್ಲಿ ಚಿತ್ರಕಾರ ಜೋಸೆಫ್ ಫ್ಯಾರಿಂಗ್ಟನ್ ಅಲ್ಲಿನ ಪೋರ್ಟರ್ ಅನ್ನುವ ಕಡು ಬಣ್ಣದ ಬಿಯರ್ ಕುಡಿದು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ: ರಷ್ಯಾದ ಮಹಾರಾಣಿಗಾಗಿಯೇ ಮಾಡಿದ್ದಂತೆ, ಏಳು ವರ್ಷ ಇಟ್ಟರೂ ಕೆಡುವುದಿಲ್ಲವಂತೆ. ಒಣದ್ರಾಕ್ಷಿ, ಚರ್ಮ ಯಾವುದೂ ಇಲ್ಲ ನೋಡಿ, ಬಾಳಿಕೆಯ ಮಾತು ಮಾತ್ರ. ಅಂದಹಾಗೆ ಡೇನಿಯಲ್ ವೀಲರ್ ಮಾಲ್ಟನ್ನು ಕರ್‍ರಗೆ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1817ರಲ್ಲಿ. ಆ ಮಹಾರಾಣಿ ಕ್ಯಾಥರೀನ್ ತೀರಿಕೊಂಡದ್ದು 1796ರಲ್ಲೇ. ನಾವು ಈಗ ‘ಇಂಪೀರಿಯಲ್’ ಅಂತ ಮೆಚ್ಚುವ ಆ ಸೀದ ಕಹಿಯನ್ನು ಅವಳು ನೋಡಿರಲಾರಳು.

ಇನ್ನು ನನ್ನ ತಕರಾರು. ಈಚೆಗೆ ಬರುವ, ಕೇಕಿನ ಹಾಗೆ ಸಿಹಿಯಾದ ‘ಪೇಸ್ಟ್ರಿ ಸ್ಟೌಟ್’ಗಳಲ್ಲಿ ಲ್ಯಾಕ್ಟೋಸ್ ಹಾಕುತ್ತಾರೆ. ಅದು ಹಾಲಿನ ಸಕ್ಕರೆ, ಬಿಯರಿನ ಯೀಸ್ಟಿಗೆ ಜೀರ್ಣವಾಗುವುದಿಲ್ಲ, ಪೂರ್ತಿ ಹಾಗೇ ಉಳಿಯುತ್ತದೆ. ಜೊತೆಗೆ ವೆನಿಲಾ, ತೆಂಗಿನಕಾಯಿ. ಮೊದಲ ಗುಟುಕಿಗೆ ಆಹಾ ಅನ್ನಿಸುತ್ತದೆ. ಮೂರನೆಯದಕ್ಕೆ ಮುಖ ಹೊಡೆಯುತ್ತದೆ. ಈ ಮಾತನ್ನು ಅಲ್ಲಿ ಹಾಗೇ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. “ಯಾರು ಯಾರ ಮುಖಕ್ಕೆ ಹೊಡೆದರು?” ಅಂತ ಕೇಳಿದರು. ವಿವರಿಸಿದ ಮೇಲೆ ಒಬ್ಬ ಅದನ್ನು ಬರೆದುಕೊಂಡ. ಒಗರಿಲ್ಲದ ಸಿಹಿ ಎಷ್ಟಿದ್ದರೂ ಹೀಗೇ ಅಲ್ವಾ?

ಮೂಗಿನ ವಿಷಯದಲ್ಲಿ ಮಾತ್ರ ನಾನು ಅವರ ಹಿಂದೆಯೇ ಇದ್ದೇನೆ. ಘಮ, ಘಾಟು, ಕಮಟು, ಸೊಗಡು ಅಂತ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಆದರೆ ಕುಡಿಯುವಾಗ ಮೂಗಿಗೆ ಅಷ್ಟು ಹೊತ್ತು ಕೊಡುವ ಅಭ್ಯಾಸ ನನಗಿರಲಿಲ್ಲ. ಹಳೇ ಚರ್ಮ ಅಂತ ಬರೆದವನನ್ನು ಅವತ್ತು ಚೆನ್ನಾಗಿ ರೇಗಿಸಿದ್ದೆ. ಎಲ್ಲರೂ ಹೊರಟ ಮೇಲೆ ಲೋಟ ತೊಳೆಯುವ ಮುಂಚೆ ಒಮ್ಮೆ ಮೂಸಿದೆ. ತಳದಲ್ಲಿ ಒಣಗುತ್ತಿದ್ದ ಒಂದು ಹನಿ. ಬಾಗಿಲ ಹಿಂದೆ ನೇತು ಹಾಕಿದ್ದ ನನ್ನ ಹಳೇ ಬೆಲ್ಟನ್ನು ತಂದು ಅದನ್ನೂ ಮೂಸಿದೆ. ಹೌದು, ಅದೇ ವಾಸನೆ.