ಮ್ಯಾಜಿಕ್ ಆಡೋರಿಗೆ: ‘ಆಮೇಲೆ ಬಂದ ಕಾರ್ಡೇ ನಡೆಯುತ್ತೆ’ ಅನ್ನೋದು ಅರ್ಧ ಸತ್ಯ

ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟದ ಟೇಬಲ್‌ನಲ್ಲಿ ರೂಲ್ಸ್ ಜಗಳ ಹತ್ತಿಕೊಳ್ಳೋದು ಹೆಚ್ಚಾಗಿ ಒಂದೇ ಮಾತಿಗೆ: "ನನ್ನ ಕಾರ್ಡ್ ಆಮೇಲೆ ಬಂದಿದ್ದು, ಅದೇ ನಡೆಯುತ್ತೆ." ಪೂರ್ತಿ ಸುಳ್ಳಾಗಿದ್ದರೆ ಈ ಮಾತು ಯಾವತ್ತೋ ಸಾಯುತ್ತಿತ್ತು. ಸ್ಟ್ಯಾಕ್ ಮಟ್ಟಿಗೆ, ಅಂದರೆ ಆಡಿದ ಸ್ಪೆಲ್, ಎಬಿಲಿಟಿಗಳು ತಮ್ಮ ಸರದಿಗೆ ಕಾಯೋ ಜಾಗದ ಮಟ್ಟಿಗೆ, ಇದು ನಿಜ: ಕೊನೆಗೆ ಸೇರಿದ್ದು ಮೊದಲು ರಿಸಾಲ್ವ್ ಆಗುತ್ತೆ (ಜಾರಿಗೆ ಬರುತ್ತೆ). 1999ರ ಸಿಕ್ಸ್ತ್ ಎಡಿಷನ್‌ನಿಂದ ಸ್ಟ್ಯಾಕ್ ಇದೆ, ಹೊಸಬರು ಮೊದಲು ಕಲಿಯೋದೂ ಅದನ್ನೇ. ಸ್ಟ್ಯಾಕ್‌ಗೆ ಸಂಬಂಧವೇ ಇಲ್ಲದ ಜಾಗದಲ್ಲೂ ಅದೇ ಲೆಕ್ಕ ಹಾಕೋದೇ ತಪ್ಪು.

ಲೆಕ್ಕ ಸರಿಹೋಗೋ ಜಾಗ ಮೊದಲು ನೋಡೋಣ. ಒಬ್ಲಿವಿಯನ್ ರಿಂಗ್ ಅನ್ನೋ ಕಾರ್ಡ್‌ನಲ್ಲಿ ಎರಡು ಬೇರೆ ಬೇರೆ ಟ್ರಿಗರ್ (ಏನಾದರೂ ನಡೆದಾಗ ತಾನಾಗೇ ಶುರುವಾಗೋ ಎಬಿಲಿಟಿ) ಇವೆ. ರಿಂಗ್ ಬಂದಾಗ ಲ್ಯಾಂಡ್ (ಮಾನಾ ಕೊಡೋ ಕಾರ್ಡ್) ಅಲ್ಲದ ಬೇರೊಂದು ಪರ್ಮನೆಂಟ್ (ಬೋರ್ಡ್ ಮೇಲೆ ಉಳಿಯೋ ಕಾರ್ಡ್) ಎಕ್ಸೈಲ್, ಅಂದರೆ ಆಟದಿಂದ ಆಚೆ; ರಿಂಗ್ ಹೋದಾಗ ಆ ಕಾರ್ಡ್ ವಾಪಸ್. ಮೊದಲ ಟ್ರಿಗರ್ ಇನ್ನೂ ಸ್ಟ್ಯಾಕ್‌ನಲ್ಲಿರುವಾಗಲೇ ಯಾರಾದರೂ ರಿಂಗನ್ನು ನಾಶ ಮಾಡಿದರೆ ಎರಡನೇ ಟ್ರಿಗರ್ ಅದರ ಮೇಲೆ ಕೂರುತ್ತೆ, ಮೊದಲು ರಿಸಾಲ್ವ್ ಆಗುತ್ತೆ. ವಾಪಸ್ ಕೊಡೋಕೆ ಆಗ ಏನೂ ಇಲ್ಲ. ಆಮೇಲೆ ಎಕ್ಸೈಲ್ ಟ್ರಿಗರ್ ರಿಸಾಲ್ವ್ ಆಗಿ ಕಾರ್ಡ್ ಹೋಗುತ್ತೆ, ಶಾಶ್ವತವಾಗಿ. ಅಂದರೆ ಅವಸರಪಟ್ಟು ರಿಂಗ್ ಒಡೆದವರೇ ತಮ್ಮ ಕಾರ್ಡ್ ಕಳ್ಕೊಳ್ತಾರೆ. ಬ್ಯಾನಿಷಿಂಗ್ ಲೈಟ್ ನೋಡೋಕೆ ಹೀಗೇ ಇದ್ದರೂ ಅದರದ್ದು ಒಂದೇ ಎಬಿಲಿಟಿ, ‘ಇದು ಬೋರ್ಡ್ ಬಿಡುವ ತನಕ’ ಎಕ್ಸೈಲ್. ಟ್ರಿಗರ್ ರಿಸಾಲ್ವ್ ಆಗೋ ಮೊದಲೇ ಲೈಟ್ ಹೋಗಿದ್ದರೆ ಯಾವುದೂ ಎಕ್ಸೈಲ್ ಆಗೋದೇ ಇಲ್ಲ.

ಇನ್ನು ಸ್ಟ್ಯಾಕ್ ಹಿಡಿಯದ ಜಾಗಗಳು. ಸ್ಟೇಟ್-ಬೇಸ್ಡ್ ಆಕ್ಷನ್ಸ್ (ಸಾಯುವಷ್ಟು ಡ್ಯಾಮೇಜ್ ಆದ ಕ್ರೀಚರನ್ನ ತೆಗೆಯೋಂಥ, ಆಟ ತಾನೇ ಮಾಡೋ ತಪಾಸಣೆಗಳು) ಸ್ಟ್ಯಾಕ್‌ಗೆ ಹೋಗಲ್ಲ, ಒಂದು ಸ್ಪೆಲ್ ರಿಸಾಲ್ವ್ ಆಗ್ತಿರುವಾಗ ನಡುವೆ ನಡೆಯೋದೂ ಇಲ್ಲ. ಎಲ್ಲರ ಗ್ರೇವ್‌ಯಾರ್ಡ್ (ಬಳಸಿ ಮುಗಿದ, ಸತ್ತ ಕಾರ್ಡ್‌ಗಳ ರಾಶಿ) ಸೇರಿ ಬರೀ ಲ್ಯಾಂಡ್ ಮತ್ತು ಕ್ರೀಚರ್ ಇವೆ, ಅಲ್ಲಿರೋ ಕಾರ್ಡ್ ಟೈಪ್‌ಗಳ ಲೆಕ್ಕದಲ್ಲಿ ಬೆಳೆಯೋ ಟಾರ್ಮೊಗಾಯ್ಫ್ 2/3 (ಪವರ್ 2, ಟಫ್‌ನೆಸ್ 3; ಟಫ್‌ನೆಸ್‌ನಷ್ಟು ಡ್ಯಾಮೇಜ್ ಬಿದ್ದರೆ ಸಾವು) ಅಂದುಕೊಳ್ಳಿ. ಅದಕ್ಕೆ ಲೈಟ್ನಿಂಗ್ ಬೋಲ್ಟ್ ಹೊಡೆದರೆ 3 ಡ್ಯಾಮೇಜ್ ಬಿತ್ತು, ಸರಿ. ಆದರೆ ರಿಸಾಲ್ವ್ ಆಗೋದರ ಕೊನೇ ಹೆಜ್ಜೆಯಾಗಿ ಬೋಲ್ಟ್ ತಾನೇ ಗ್ರೇವ್‌ಯಾರ್ಡ್ ಸೇರುತ್ತೆ, ಇನ್‌ಸ್ಟಂಟ್ ಮೂರನೇ ಟೈಪ್ ಆಗುತ್ತೆ, ಗಾಯ್ಫ್ 3/4 ಆಗುತ್ತೆ. ಸತ್ತಿದೆಯಾ ಅಂತ ಆಟ ನೋಡೋದು ಇದಾದ ಮೇಲೆ. ಬದುಕಿತು! ಅದೇ ಗ್ರೇವ್‌ಯಾರ್ಡ್‌ಗಳಲ್ಲಿ ಇದ್ದದ್ದು ಲ್ಯಾಂಡ್ ಮತ್ತು ಇನ್‌ಸ್ಟಂಟ್ ಆಗಿದ್ದರೆ ಬೋಲ್ಟ್ ಹೊಸ ಟೈಪ್ ಏನೂ ಸೇರಿಸಲ್ಲ, ಗಾಯ್ಫ್ ಸಾಯುತ್ತೆ. ಬೋಲ್ಟ್ ಹಾಕೋ ಮುಂಚೆ ನಿಮ್ಮದೂ ಸೇರಿ ಎಲ್ಲ ಗ್ರೇವ್‌ಯಾರ್ಡ್ ಎಣಿಸಿ. ಎಣಿಸುವಾಗ ಟಾರ್ಮೊಗಾಯ್ಫ್‌ನ 2007ರ ಪ್ರಿಂಟ್‌ನ ಬ್ರಾಕೆಟ್‌ನಲ್ಲಿರೋ ಟೈಪ್‌ಗಳ ಪಟ್ಟಿಯನ್ನ ನಂಬಬೇಡಿ. 2023ರಲ್ಲಿ ಬಂದ ಬ್ಯಾಟಲ್ ಅನ್ನೋ ಟೈಪ್ ಅದರಲ್ಲಿಲ್ಲ, ಆದರೂ ಲೆಕ್ಕಕ್ಕಿದೆ. ಅಧಿಕೃತ ಕಾರ್ಡ್ ಡೇಟಾಬೇಸ್ ಗ್ಯಾದರರ್‌ನಲ್ಲಿರೋ ಒರಾಕಲ್ ಟೆಕ್ಸ್ಟೇ (ಕಾರ್ಡ್‌ನ ಈಗಿನ ಅಧಿಕೃತ ಮಾತು) ಪ್ರಮಾಣ.

ಅತಿ ಹೆಚ್ಚು ಗೊಂದಲ ಇರೋದು ಲೇಯರ್‌ಗಳಲ್ಲಿ. ರೂಲ್ 613. ಕಂಟಿನ್ಯೂಯಸ್ ಎಫೆಕ್ಟ್‌ಗಳು (ತಕ್ಷಣ ಮುಗಿಯದೆ ಜಾರಿಯಲ್ಲಿರೋ ಬದಲಾವಣೆಗಳು) ಬಂದ ಕ್ರಮದಲ್ಲಿ ಅಲ್ಲ, ಏಳು ಲೇಯರ್‌ಗಳ ಈ ಕ್ರಮದಲ್ಲಿ ಲಾಗುವಾಗುತ್ತವೆ: ಕಾಪಿ, ಕಂಟ್ರೋಲ್, ಟೆಕ್ಸ್ಟ್, ಟೈಪ್, ಬಣ್ಣ, ಎಬಿಲಿಟಿ, ಕೊನೆಗೆ ಪವರ್-ಟಫ್‌ನೆಸ್. ಏಳನೆಯದರೊಳಗೂ ಮತ್ತೆ ಕ್ರಮ ಇದೆ. 7ಬಿಯಲ್ಲಿ ‘ಇಷ್ಟು ಆಗು’ ಅನ್ನುವವು, 7ಸಿಯಲ್ಲಿ ಕೂಡಿಸೋದು, ಕಳೆಯೋದು ಮತ್ತು ಕೌಂಟರ್‌ಗಳು. ಹಾಗಾಗಿ 2/2 ಕ್ರೀಚರ್‌ಗೆ ಜೈಂಟ್ ಗ್ರೋತ್ (+3/+3) ಹಾಕಿ, ಅದರ ಮೇಲೆ ಟರ್ನ್ ಟು ಫ್ರಾಗ್ (‘1/1 ಕಪ್ಪೆ ಆಗು’) ಹಾಕಿದರೆ 1/1 ಕಪ್ಪೆ ಸಿಗಲ್ಲ. 4/4 ಕಪ್ಪೆ ಸಿಗುತ್ತೆ. ಕ್ರಮ ತಿರುಗಿಸಿದರೂ 4/4. ಮೈಮೇಲೆ ಎರಡು +1/+1 ಕೌಂಟರ್ ಇರೋ ಕ್ರೀಚರ್ ಕಪ್ಪೆಯಾದರೆ 3/3. ದೊಡ್ಡ ಕ್ರೀಚರನ್ನ ಕಪ್ಪೆ ಮಾಡಿ ಬ್ಲಾಕ್ ಮಾಡೋ ಪ್ಲ್ಯಾನ್ ಕೆಡೋದು ಇಲ್ಲೇ.

ಒಂದೇ ಲೇಯರ್‌ನಲ್ಲಿ ಎರಡು ಎಫೆಕ್ಟ್ ಸಿಕ್ಕಿದಾಗ ಮಾತ್ರ ಟೈಮ್‌ಸ್ಟ್ಯಾಂಪ್, ಅಂದರೆ ಯಾವುದು ಮೊದಲು ಬಂತು ಅನ್ನೋದು, ಕೆಲಸಕ್ಕೆ ಬರುತ್ತೆ. ಅದಕ್ಕೂ ಮುಂಚೆ ಡಿಪೆಂಡೆನ್ಸಿ ಅನ್ನೋದೊಂದಿದೆ: ಒಂದು ಎಫೆಕ್ಟ್ ಇನ್ನೊಂದನ್ನ ಬದಲಿಸೋದಾದರೆ, ಬದಲಿಸೋದೇ ಮೊದಲು. ಬ್ಲಡ್ ಮೂನ್ ಎಲ್ಲ ನಾನ್‌ಬೇಸಿಕ್ (‘ಬೇಸಿಕ್’ ಅಂತ ಬರೆದಿರದ) ಲ್ಯಾಂಡ್‌ಗಳನ್ನ ಮೌಂಟನ್, ಅಂದರೆ ಕೆಂಪು ಮಾನಾ ಕೊಡೋ ಲ್ಯಾಂಡ್, ಮಾಡುತ್ತೆ, ಅವುಗಳ ಸ್ವಂತ ಎಬಿಲಿಟಿ ಹೋಗುತ್ತೆ. ಅರ್ಬೋರ್ಗ್, ಟೂಂಬ್ ಆಫ್ ಯಾಗ್ಮಾತ್ ಎಲ್ಲ ಲ್ಯಾಂಡ್‌ಗಳನ್ನೂ ಸ್ವಾಂಪ್ ಕೂಡ ಮಾಡುತ್ತೆ. ಎರಡೂ ನಾಲ್ಕನೇ ಲೇಯರ್. ಆದರೆ ಅರ್ಬೋರ್ಗ್ ತಾನೇ ನಾನ್‌ಬೇಸಿಕ್ ಲ್ಯಾಂಡ್. ಮೂನ್ ಲಾಗುವಾದರೆ ಅದರ ಎಬಿಲಿಟಿಯೇ ಇರಲ್ಲ. ಅರ್ಬೋರ್ಗ್ ಮೂನ್‌ನ ಮೇಲೆ ಅವಲಂಬಿಸಿದೆ, ಹಾಗಾಗಿ ಯಾವುದು ಯಾವಾಗ ಬಂದಿದ್ದರೂ ಮೂನ್ ಮೊದಲು, ಸ್ವಾಂಪ್ ಮಾತೇ ಇಲ್ಲ. ಅರ್ಬೋರ್ಗ್ ಜಾಗದಲ್ಲಿ ಡ್ರೈಯಾಡ್ ಆಫ್ ದಿ ಇಲಿಸಿಯನ್ ಗ್ರೋವ್ ಇಟ್ಟು ನೋಡಿ. ಅದು ತನ್ನ ಒಡೆಯನ ಲ್ಯಾಂಡ್‌ಗಳಿಗೆ ಎಲ್ಲ ಐದು ಬೇಸಿಕ್ ಲ್ಯಾಂಡ್ ಟೈಪ್‌ಗಳನ್ನೂ ಸೇರಿಸುತ್ತೆ. ಡ್ರೈಯಾಡ್ ಲ್ಯಾಂಡ್ ಅಲ್ಲ, ಮೂನ್ ಅದನ್ನ ಮುಟ್ಟಲ್ಲ, ಡಿಪೆಂಡೆನ್ಸಿ ಇಲ್ಲ. ಇಲ್ಲಿ ಆಮೇಲೆ ಬಂದದ್ದೇ ನಡೆಯುತ್ತೆ: ಡ್ರೈಯಾಡ್ ಆಮೇಲೆ ಬಂದಿದ್ದರೆ ಅದರ ಒಡೆಯನ ಲ್ಯಾಂಡ್‌ಗಳು ಐದೂ ಬಣ್ಣ ಕೊಡ್ತವೆ, ಮೂನ್ ಆಮೇಲೆ ಬಂದಿದ್ದರೆ ನಾನ್‌ಬೇಸಿಕ್‌ಗಳು ಬರೀ ಕೆಂಪು. ‘ಬ್ಲಡ್ ಮೂನ್ ಯಾವಾಗಲೂ ಗೆಲ್ಲುತ್ತೆ’ ಅಂತ ಬಾಯಿಪಾಠ ಮಾಡಿದವರು ಇಲ್ಲಿ ಜಾರ್ತಾರೆ. ಉತ್ತರಗಳನ್ನ ಉರು ಹೊಡೆಯೋದರ ಮೇಲೆ ನನಗೆ ನಂಬಿಕೆ ಇಲ್ಲದಿರೋದು ಇದಕ್ಕೇ.

ಹ್ಯುಮಿಲಿಟಿ (ಎಲ್ಲ ಕ್ರೀಚರ್‌ಗಳ ಎಬಿಲಿಟಿ ಕಿತ್ತು 1/1 ಮಾಡೋ ಎನ್‌ಚಾಂಟ್‌ಮೆಂಟ್ ಕಾರ್ಡ್) ಮತ್ತು ಓಪಲೆಸೆನ್ಸ್ (ಬೇರೆ ಎನ್‌ಚಾಂಟ್‌ಮೆಂಟ್‌ಗಳನ್ನ ಅವುಗಳ ಮಾನಾ ಬೆಲೆಯಷ್ಟು ದೊಡ್ಡ ಕ್ರೀಚರ್ ಮಾಡೋ ಕಾರ್ಡ್) ಜೋಡಿ ಕಂಡು ಎಲ್ಲರೂ ಹೆದರ್ತಾರೆ, ಅಷ್ಟು ಅಗತ್ಯವಿಲ್ಲ. ಓಪಲೆಸೆನ್ಸ್‌ನಿಂದ ಹ್ಯುಮಿಲಿಟಿ ಕ್ರೀಚರ್ ಆಗುತ್ತೆ. ಆರನೇ ಲೇಯರ್‌ನಲ್ಲಿ ಎಲ್ಲ ಕ್ರೀಚರ್‌ಗಳ ಜೊತೆ ತನ್ನ ಎಬಿಲಿಟಿಯನ್ನೂ ಕಳ್ಕೊಳ್ಳುತ್ತೆ. ಆದರೂ ಒಂದು ಲೇಯರ್‌ನಲ್ಲಿ ಶುರುವಾದ ಎಫೆಕ್ಟ್ ಮುಂದಿನ ಲೇಯರ್‌ಗಳಲ್ಲೂ ಮುಂದುವರಿಯುತ್ತೆ ಅನ್ನೋದು ರೂಲ್. 7ಬಿಯಲ್ಲಿ ಟೈಮ್‌ಸ್ಟ್ಯಾಂಪ್ ನೋಡಿ: ಹ್ಯುಮಿಲಿಟಿ ಆಮೇಲೆ ಬಂದಿದ್ದರೆ ಅದೂ 1/1, ಓಪಲೆಸೆನ್ಸ್ ಆಮೇಲೆ ಬಂದಿದ್ದರೆ ಹ್ಯುಮಿಲಿಟಿ 4/4, ಮಾಮೂಲಿ ಕ್ರೀಚರ್‌ಗಳು 1/1.

ನಾಲ್ಕು ಜನ ಕೂತ ಕಮಾಂಡರ್ ಟೇಬಲ್‌ನಲ್ಲಿ ಯಾವುದು ಮೊದಲು ಬಂತು ಅಂತ ಮೂರು ಟರ್ನ್ ಆದಮೇಲೆ ಯಾರಿಗೂ ನೆನಪಿರಲ್ಲ. ಇಂಥ ಕಾರ್ಡ್ ಬಂದ ತಕ್ಷಣ ಅದರ ಮೇಲೆ ಒಂದು ಡೈಸ್ ಇಟ್ಟು ನಂಬರ್ ತಿರುಗಿಸಿಡಿ, ಕೌಂಟರ್‌ಗೆ ಬಳಸೋ ಡೈಸ್‌ಗಿಂತ ಬೇರೆ ಬಣ್ಣದ್ದು. ಇಕ್ವಿಪ್‌ಮೆಂಟನ್ನ ಬೇರೆ ಕ್ರೀಚರ್‌ಗೆ ಹಾಕಿದಾಗ ಅದಕ್ಕೆ ಹೊಸ ಟೈಮ್‌ಸ್ಟ್ಯಾಂಪ್ ಸಿಗುತ್ತೆ, ಆಗ ಅದರ ನಂಬರ್ ಕೂಡ ಬದಲಿಸಬೇಕು.