ಗಡಿಯಾರ ಇಲ್ಲದ ಈಸ್ಟ್‌ಗೇಟ್

ಕಳೆದ ಚಳಿಗಾಲದಲ್ಲಿ ಇಲ್ಲಿಯ ಚಾರಿಟಿ ಅಂಗಡಿಯಿಂದ ಎರಡು ಪೌಂಡಿಗೆ ಒಂದು ಜಿಗ್‌ಸಾ ಪಜಲ್ ತಂದಿದ್ದೆ. ಸಾವಿರ ತುಂಡು. ಇಂಗ್ಲೆಂಡಿನ ಚೆಸ್ಟರ್ ಪಟ್ಟಣದ ಹಳೇ ಬೀದಿಯ ಚಿತ್ರ. ಮಗಳೂ ನಾನೂ ಒಂದು ವಾರ ಗುದ್ದಾಡಿದೆವು. ಆಕಾಶವೊಂದು ಬೇಗ ಮುಗಿಯಿತು, ಇದ್ದದ್ದೇ ಅಷ್ಟು. ಉಳಿದಿದ್ದೆಲ್ಲ ಹೊಗೆಗೂಡು, ಮರದ ತೊಲೆ, ಉದುರಿದ ಗಾರೆ, ಅಂಗಡಿ ಬೋರ್ಡು, ಬುಟ್ಟಿ, ನಾಯಿ, ಮಕ್ಕಳು, ಜನ. "ಅಪ್ಪಾ, ಇದನ್ನ ಬರೆದೋರಿಗೆ ಬೇಜಾರೇ ಆಗ್ಲಿಲ್ವಾ?" ಅಂದಳು.

ಬರೆದಾಕೆ ಲೂಯೀಸ್ ರೇನರ್. 1832ರಲ್ಲಿ ಡರ್ಬಿಶೈರಿನ ಮ್ಯಾಟ್‌ಲಾಕ್ ಬಾತ್‌ನಲ್ಲಿ ಹುಟ್ಟಿದವಳು. ಅಪ್ಪ ಸ್ಯಾಮ್ಯುಯೆಲ್ ಚಿತ್ರಕಾರ, ಅಮ್ಮ ಆನ್ ಕಪ್ಪು ಅಮೃತಶಿಲೆಯ ಮೇಲೆ ಚಿತ್ರ ಕೊರೆಯುತ್ತಿದ್ದವಳು. ಅಕ್ಕತಂಗಿಯರೂ ಕುಂಚ ಹಿಡಿದವರೇ. 1852ರಲ್ಲಿ ಲಂಡನ್ನಿನ ಕಲಾವಿದರ ಸಂಸ್ಥೆ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ಇವಳ ತೈಲಚಿತ್ರವೊಂದಿತ್ತು. ಆಮೇಲೆ ಎಣ್ಣೆ ಬಿಟ್ಟು ಜಲವರ್ಣಕ್ಕೆ ಇಳಿದಳು, ಅಲ್ಲೇ ಉಳಿದಳು.

ಅಂದಹಾಗೆ, ಆ ಅಕಾಡೆಮಿ ಹೆಂಗಸರ ಚಿತ್ರವನ್ನೇನೋ ಗೋಡೆಗೆ ಹಾಕುತ್ತಿತ್ತು, ಕುರ್ಚಿ ಮಾತ್ರ ಕೊಡುತ್ತಿರಲಿಲ್ಲ. 1768ರಲ್ಲಿ ಶುರುವಾದಾಗ ಇದ್ದ ಇಬ್ಬರು ಹೆಂಗಸರನ್ನು ಬಿಟ್ಟರೆ, ಮತ್ತೊಬ್ಬಳು ಪೂರ್ಣ ಸದಸ್ಯೆಯಾಗಿ ಆಯ್ಕೆಯಾದದ್ದು 1936ರಲ್ಲಿ. ರೇನರ್ ತೀರಿಕೊಂಡು ಆಗಲೇ ಹನ್ನೆರಡು ವರ್ಷ.

ಸಾಲ್ಸ್‌ಬರಿ, ಎಡಿನ್‌ಬರೋ, ಶ್ರೂಸ್‌ಬರಿ ಅಂತ ಊರೂರು ತಿರುಗಿ ಬೀದಿಗಳನ್ನು ಬರೆದವಳು, 1869ರ ಹೊತ್ತಿಗೆ ಚೆಸ್ಟರಿನಲ್ಲಿ ನೆಲೆಸಿದಳು. ಸುಮಾರು ನಲವತ್ತು ವರ್ಷ ಅಲ್ಲೇ. ಚೆಸ್ಟರ್ ನೋಡದವರಿಗೆ ಅಲ್ಲಿನ 'ರೋ'ಗಳ ಬಗ್ಗೆ ಹೇಳಬೇಕು. ಬೀದಿ ಮಟ್ಟದಲ್ಲಿ ಒಂದು ಸಾಲು ಅಂಗಡಿ, ಅದರ ಮೇಲೆ ಮಾಡಿನಡಿ ಉದ್ದಕ್ಕೂ ಸಾಗುವ ಜಗಲಿ, ಆ ಜಗಲಿಗೆ ಬಾಗಿಲು ತೆರೆದ ಇನ್ನೊಂದು ಸಾಲು ಅಂಗಡಿ. ಮಳೆಯಲ್ಲಿ ಕೊಡೆಯಿಲ್ಲದೆ ಸಂತೆ ಮುಗಿಸಬಹುದು. ಮಧ್ಯಯುಗದಿಂದ ಬಂದ ಏರ್ಪಾಡು.

ನನಗೆ ಬೆರಗು ಹುಟ್ಟಿಸಿದ್ದು ಬೇರೆ. ಪಜಲ್ ಮುಗಿದ ಮೇಲೆ ಚೆಸ್ಟರಿಗೇ ಹೋದೆವು. ಊರಿನ ಪೂರ್ವದ ಹೆಬ್ಬಾಗಿಲಾದ ಈಸ್ಟ್‌ಗೇಟ್ ಕಮಾನಿನ ಮೇಲೆ ಚಂದದ ಗಡಿಯಾರ, ಕೆಳಗೆ ಫೋಟೋ ತೆಗೆಯುವವರ ಗುಂಪು. "ನಮ್ಮ ಚಿತ್ರದಲ್ಲಿ ಗಡಿಯಾರ ಇಲ್ಲ" ಅಂದಳು ಮಗಳು. ಹೌದು, ಅದು ಓಡತೊಡಗಿದ್ದು 1899ರಲ್ಲಿ. ಅಷ್ಟೇ ಅಲ್ಲ, ಪ್ರವಾಸಿಗರು "ಎಷ್ಟು ಹಳೇದು!" ಅನ್ನುವ ಕಪ್ಪು-ಬಿಳುಪು ಮನೆಗಳಲ್ಲಿ ಎಷ್ಟೋ ವಿಕ್ಟೋರಿಯಾ ಕಾಲದ ಹೊಸ ಕಟ್ಟಡಗಳು. ನಾಲ್ಕು ಬೀದಿ ಕೂಡುವಲ್ಲಿ ಮೂಲೆಯ ಮೇಲಿರುವುದು 1888ರದ್ದು. ವಾಟರ್‌ಗೇಟ್ ಬೀದಿಯ 'ಗಾಡ್ಸ್ ಪ್ರಾವಿಡೆನ್ಸ್ ಹೌಸ್' 1652ರ ಮನೆ, ಆದರೆ 1862ರಲ್ಲಿ ಬಹುಪಾಲು ಹೊಸದಾಗಿ ಕಟ್ಟಿದ್ದು. ಊರೇ ತನ್ನ ಮುಪ್ಪಿಗೆ ಬಣ್ಣ ಬಳಿದುಕೊಳ್ಳುತ್ತಿದ್ದಾಗ ಈಕೆ ವಾಲಿದ ಗೋಡೆ, ಕಳಚಿದ ಗಾರೆ ಇದ್ದ ಹಾಗೇ ಬರೆಯುತ್ತಿದ್ದಳು.

ಹಾಗಾಗಿ "ಬಿಸ್ಕೆಟ್ ಡಬ್ಬಿ ಮೇಲಿನ ಚಿತ್ರ", ಅಂದರೆ ಬರೀ ಅಂದಚಂದ, ಅಂತ ಇವಳನ್ನು ಪಕ್ಕಕ್ಕಿಡುವವರ ಮಾತು ನಾನು ಒಪ್ಪುವುದಿಲ್ಲ. ತಕರಾರು ನನಗೂ ಇದೆ. ಅದೇ ಅಂಗಡಿಗಳ ಹಿಂದಿನ ವಠಾರಗಳಲ್ಲಿ ಬಡವರು ಒಬ್ಬರ ಮೇಲೊಬ್ಬರು ಬಿದ್ದಂತೆ ಬದುಕುತ್ತಿದ್ದರು. ನಾನು ನೋಡಿದಷ್ಟರಲ್ಲಿ ಇವಳ ಕುಂಚ ಆ ಸಂದಿಯೊಳಗೆ ಹೋಗಲಿಲ್ಲ. ಚಿತ್ರ ಮಾರಿ ಬದುಕಬೇಕಿತ್ತಲ್ಲ, ಕೊಳ್ಳುವವರು ಗೋಡೆಗೆ ಬಿಸಿಲನ್ನೇ ಕೇಳಿರಬೇಕು ಅಂದುಕೊಳ್ಳುತ್ತೇನೆ. ಆದರೂ ಬುಟ್ಟಿ ಹೊತ್ತ ಹೆಂಗಸು, ಕಟ್ಟೆ ಮೇಲೆ ಕೂತ ಹುಡುಗ ಇವಳಲ್ಲಿ ಕಟ್ಟಡದ ಎತ್ತರ ತೋರಿಸಲು ನಿಲ್ಲಿಸಿದ ಬೊಂಬೆಗಳಲ್ಲ. ಅವರಿಗೆ ಅಲ್ಲಿ ಕೆಲಸವಿದೆ.

ಕೊನೆಗೆ ದಕ್ಷಿಣದ ಕಡಲತೀರದ ಸೇಂಟ್ ಲಿಯೊನಾರ್ಡ್ಸ್‌ನಲ್ಲಿ 1924ರಲ್ಲಿ ತೀರಿಕೊಂಡಳು, ತೊಂಬತ್ತೆರಡರ ವಯಸ್ಸಿನಲ್ಲಿ.

ಚೆಸ್ಟರಿನ ಗ್ರೋವ್ನರ್ ಮ್ಯೂಸಿಯಮ್ಮಿನಲ್ಲಿ ಇವಳ ಹಲವು ಮೂಲಚಿತ್ರಗಳಿವೆ. ಜಲವರ್ಣ ಬೆಳಕಿಗೆ ಮಾಸುತ್ತದೆ, ಎಲ್ಲವನ್ನೂ ಸದಾ ಗೋಡೆಗೆ ಹಾಕಿರುವುದಿಲ್ಲ. ಹೋಗುವವರು ಮೊದಲೇ ಕೇಳಿಕೊಂಡು ಹೋಗಿ.