ಹಳೆಯ ಕ್ರಿಮಿನಲ್ ದಾಖಲೆ ತಾನಾಗಿ ಅಳಿಯುವುದಿಲ್ಲ: ಸ್ಪಷ್ಟನೆ

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಡಿ (ಸಿಆರ್‌ಪಿಸಿ ಬದಲಿಗೆ ಬಂದ ಕ್ರಿಮಿನಲ್ ಪ್ರಕ್ರಿಯಾ ಕಾನೂನು) ಏಳು ವರ್ಷ ಕಳೆದ ಕ್ರಿಮಿನಲ್ ದಾಖಲೆಗಳು ತಾವಾಗಿಯೇ ಅಳಿಸಿಹೋಗುತ್ತವೆ ಎಂದು ಕಾರವಾರ, ಶಿರಸಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಸಂದೇಶ ಸರಿಯಲ್ಲ. ಅಂಥ ಕಲಂ ಆ ಸಂಹಿತೆಯಲ್ಲಿಲ್ಲ. ವಯಸ್ಕರ ಶಿಕ್ಷೆಯ ದಾಖಲೆ ಅಳಿಸುವ ಸಾಮಾನ್ಯ ಕಾನೂನೇ ನಮ್ಮಲ್ಲಿಲ್ಲ. ದಾಖಲೆ ನಾಶಪಡಿಸಬೇಕೆಂದು ಸ್ಪಷ್ಟವಾಗಿ ಹೇಳುವುದು 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ. ಅದು ಅಪರಾಧದ ಸಮಯದಲ್ಲಿ 18 ವರ್ಷ ತುಂಬಿರದವರಿಗೆ ಮಾತ್ರ, ಅದೂ ಮೇಲ್ಮನವಿಯ ಅವಧಿ ಮುಗಿದ ಬಳಿಕ ಅನ್ವಯಿಸುತ್ತದೆ, ಮತ್ತು 16 ದಾಟಿದವರು ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರಾದಾಗ ಆ ರಕ್ಷಣೆ ಸಿಗುವುದಿಲ್ಲ. ತಪ್ಪಿತಸ್ಥರನ್ನು ಜೈಲಿಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಡಲು ಅವಕಾಶ ಕೊಡುವ 1958ರ ಪ್ರೊಬೇಷನ್ ಕಾಯ್ದೆಯ 12ನೇ ಕಲಂ, ತಪ್ಪಿತಸ್ಥರೆಂದು ತೀರ್ಮಾನವಾದುದರಿಂದ ಬರುವ ಅನರ್ಹತೆಯನ್ನು ನೀಗಿಸುತ್ತದೆಯೇ ಹೊರತು ದಾಖಲೆಯನ್ನಲ್ಲ. ಈ ಸಂದೇಶ ನಂಬಿ ನೌಕರಿಯ ಪೊಲೀಸ್ ಪರಿಶೀಲನಾ ನಮೂನೆಯಲ್ಲಿ ಪ್ರಕರಣವನ್ನು ಮರೆಮಾಚಿದರೆ ನೇಮಕಾತಿಯೇ ರದ್ದಾಗಬಹುದು.